ಅಂಗೈಯಗಲದ ಧೂಳು ಮೀಟರ್: ಬೆಳಗಾವಿಯ ಒಂದು ಮಳೆಗಾಲ, ಒಂದು ಚಳಿಗಾಲ

ಅವ್ವನಿಗೆ ದಮ್ಮು. ಅದಕ್ಕೇ ಕಳೆದ ಮೇ ತಿಂಗಳಲ್ಲಿ 3,600 ರೂಪಾಯಿ ಕೊಟ್ಟು ಈ ಮೀಟರ್ ತರಿಸಿದೆ. ಪಿಎಂ 2.5 (ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಧೂಳಿನ ಕಣ), ಉಷ್ಣತೆ, ತೇವಾಂಶ ಮೂರನ್ನೂ ತೋರಿಸುತ್ತದೆ. ವಡಗಾವಿಯ ನಮ್ಮ ಮನೆಯಲ್ಲಿ ಆಗ ಪಿಎಂ 30ರ ಆಸುಪಾಸು ಇರುತ್ತಿತ್ತು.

ಜುಲೈ ಬಂತು. ಮೂರು ದಿನದಿಂದ ಜಿಟಿಜಿಟಿ ಮಳೆ, ರಸ್ತೆಯಲ್ಲಿ ಧೂಳೇ ಇಲ್ಲ. ಆದರೂ ಬೆಳಿಗ್ಗೆ ಮಂಜು ಕವಿದಾಗ ಮೀಟರ್ 70 ದಾಟಿತು. ನಮ್ಮ ದೇಶದಲ್ಲಿ 24 ಗಂಟೆಯ ಸರಾಸರಿಯ ಮಿತಿಯೇ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ಗಾಬರಿಯಾಗಿ ಕಿಟಕಿ ಮುಚ್ಚಿದೆ. ಅವ್ವ ಮಾತ್ರ ಆರಾಮಾಗಿದ್ದಳು. "ಉಪ್ಪು ನೀರು ಬಿಟ್ಟೈತಿ ನೋಡು" ಎಂದು ಅಡುಗೆಮನೆಯಿಂದ ಕೂಗಿದಳು.

ಉತ್ತರ ಆ ಉಪ್ಪಿನ ಡಬ್ಬಿಯಲ್ಲೇ ಇತ್ತು. ಶುದ್ಧ ಉಪ್ಪಿನ ಹರಳು ತೇವಾಂಶ 75% ಮುಟ್ಟುವ ತನಕ ಗಟ್ಟಿಯಾಗಿರುತ್ತದೆ. ದಾಟಿತೋ, ಗಾಳಿಯಲ್ಲಿರುವ ನೀರು ಹೀರಿ ಹನಿಯಾಗುತ್ತದೆ. (ಹರಳುಪ್ಪು ಇನ್ನೂ ಬೇಗ ಒದ್ದೆಯಾಗುತ್ತದೆ, ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸೇರಿರುತ್ತದೆ.) ಗಾಳಿಯಲ್ಲಿ ತೇಲುವ ಅಮೋನಿಯಂ ಸಲ್ಫೇಟ್ ಎಂಬ ಲವಣದ ಕಣಕ್ಕೆ ಆ ಗೆರೆ ಸುಮಾರು 80%. ಆಗ ಅದರ ಅಡ್ಡಳತೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಈ ಮೀಟರ್ ಲೇಸರ್ ಬೆಳಕು ಕಣಕ್ಕೆ ಬಡಿದು ಚದುರುವುದನ್ನು ನೋಡಿ ತೂಕ ಅಂದಾಜು ಮಾಡುತ್ತದೆ. ನೀರು ಕುಡಿದು ಉಬ್ಬಿದ ಕಣವೂ ಅದಕ್ಕೆ ಧೂಳೇ. ದುಬಾರಿ ಯಂತ್ರಗಳಲ್ಲಿ ಗಾಳಿಯನ್ನು ಮೊದಲು ಬೆಚ್ಚಗೆ ಮಾಡಿ ಒಣಗಿಸುತ್ತಾರೆ. ಇದರಲ್ಲಿ ಆ ಹೀಟರ್ ಇಲ್ಲ. ಪೆಟ್ಟಿಗೆಯ ಮೇಲೆ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಇನ್ನೊಂದು ಸೋಜಿಗವಿದೆ. ಹನಿಯಾದ ಕಣ 80%ಕ್ಕೆ ಇಳಿದ ಕೂಡಲೇ ಮತ್ತೆ ಗಟ್ಟಿಯಾಗುವುದಿಲ್ಲ. ಅಮೋನಿಯಂ ಸಲ್ಫೇಟ್ ಸುಮಾರು 35%ರವರೆಗೂ ಹನಿಯಾಗಿಯೇ ಉಳಿಯುತ್ತದೆ. ಅಂದರೆ ಒಂದೇ 60%ರಲ್ಲಿ ಕಣ ಗಟ್ಟಿಯೂ ಇರಬಹುದು, ಹನಿಯೂ ಇರಬಹುದು. ಹಸಿಯಿಂದ ಒಣಗುತ್ತ ಅಲ್ಲಿಗೆ ಬಂತೋ, ಒಣಗಿದ್ದು ಹಸಿಯಾಗುತ್ತ ಬಂತೋ ಅನ್ನುವುದರ ಮೇಲೆ ಹೋಗುತ್ತದೆ. ಫೆಬ್ರವರಿಯಲ್ಲಿ ಹತ್ತು ದಿನ ಬರೆದಿಟ್ಟೆ. ಇಬ್ಬನಿ ಆರಿ ತೇವಾಂಶ 60%ಕ್ಕೆ ಇಳಿದಾಗಿನ ಪಿಎಂ ಸಂಖ್ಯೆ, ಒಣ ಮಧ್ಯಾಹ್ನದ ನಂತರ 60%ಕ್ಕೆ ಏರಿದಾಗಿನದಕ್ಕಿಂತ ಹತ್ತರಲ್ಲಿ ಎಂಟು ದಿನ ಜಾಸ್ತಿ ಇತ್ತು. ಗಾಳಿ, ಹೊಗೆಯೂ ಬದಲಾಗುತ್ತವೆ. ನಮ್ಮ ಗಾಳಿಯ ಕಣಗಳೂ ಕಲಬೆರಕೆ. ಹಾಗಾಗಿ ಇದೇ ಪುರಾವೆ ಎನ್ನಲಾರೆ. ಆದರೆ ಬರೆಯುವಾಗ ಖುಷಿಯಾಯಿತು.

ಕೊಂಡವರು ಮೊದಲು ತೇವಾಂಶದ ಅಂಕಿ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಮಾಡಿ. ಮೀಟರ್ ಜೊತೆ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಬಿಡಿ. 75% ತೋರಿಸಬೇಕು. ನನ್ನದು 71 ತೋರಿಸಿತು. ಈಗ ನಾಲ್ಕು ಕೂಡಿಸಿ ಓದುತ್ತೇನೆ.

ಬ್ಯಾಟರಿ ಐದು ಗಂಟೆ ಬರುತ್ತದೆ, ಕಡಿಮೆಯಾಯಿತು. ಐದಕ್ಕೆ ಮೂರೂವರೆ ಕೊಡುತ್ತೇನೆ. ತೇವಾಂಶ 75% ದಾಟಿದಾಗ ಪಿಎಂ ಅಂಕಿ ನೋಡಿ ಹೆದರಬೇಡಿ. ಒಣ ಹವೆಯಲ್ಲಿ ಮಾತ್ರ ನಂಬಿ. ಜನವರಿಯ ಒಂದು ರಾತ್ರಿ ಎಲ್ಲೋ ಕಬ್ಬಿನ ರವದಿ ಸುಡುತ್ತಿದ್ದರು. ತೇವಾಂಶ 45%, ಪಿಎಂ 140. ತಕ್ಷಣ ಕಿಟಕಿ ಹಾಕಿದೆ. ಅವ್ವ ಕೆಮ್ಮದೆ ಮಲಗಿದಳು.