ಮಳೆಗಾಲದ ಮುಂಚೆ ಕಡಲು ಎಷ್ಟು ಬಿಸಿಯಾಗಿದೆ ಅಂತ ನೋಡೋಕೆ ಕ್ಲೈಮೇಟ್ ರೀಅನಲೈಜರ್ ವೆಬ್‌ಸೈಟ್ ಹೇಗಿದೆ?

ಮೇ ತಿಂಗಳಲ್ಲಿ ಮಲ್ಪೆ ಬಂದರಿಗೆ ಹೋಗಿದ್ದೆ. ಬೋಟ್ ಇಟ್ಟಿರುವ ನಮ್ಮ ಮಾವ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದರು. ಅರ್ಧಕ್ಕರ್ಧ ನೀರು. "ಮೊದಲೆಲ್ಲ ಕಡಲು ಇಷ್ಟು ಬಿಸಿ ಇರ್ಲಿಲ್ಲ ಮಾರಾಯಾ" ಅಂದರು. ಐಸ್ ಕರಗಿದ್ದು ಸೆಕೆಗೇ ಇರಬಹುದು ಅನ್ನಿ. ಆದರೂ ಮಾವ ಹೇಳಿದ್ದು ನಿಜವಾ ಅಂತ ನೋಡಬೇಕು ಅನ್ನಿಸಿತು.

ಮೊದಲು ಒಂದು ವೆದರ್ ಆ್ಯಪಿಗೆ ದುಡ್ಡು ಕಟ್ಟಿದೆ. ಸುಮ್ನೆ ಹೋಯ್ತು. ಅರಬ್ಬಿ ಸಮುದ್ರ ಪೂರ್ತಿ ಕೆಂಪು, ಅಷ್ಟೇ. ಏಪ್ರಿಲ್-ಮೇಯಲ್ಲಿ ಕೇರಳ, ಲಕ್ಷದ್ವೀಪದ ಹತ್ತಿರದ ನೀರು 30 ಡಿಗ್ರಿ ಮುಟ್ಟುವುದು ಹೊಸತಲ್ಲ, ಮುಂಗಾರು ಗಾಳಿ ಬೀಸಿ ಅಡಿಯ ತಣ್ಣೀರು ಮೇಲೆ ಬಂದಮೇಲೆ ಅದು ಇಳಿಯುತ್ತದೆ. ಇವತ್ತಿನ ಕೆಂಪು ನೋಡಿದರೆ ಮೊದಲು ಹೇಗಿತ್ತು ಅಂತ ಗೊತ್ತಾಗುತ್ತಾ?

ಕ್ಲೈಮೇಟ್ ರೀಅನಲೈಜರ್ ಅಮೆರಿಕದ ಮೇನ್ ವಿಶ್ವವಿದ್ಯಾಲಯದವರದ್ದು. ಪುಕ್ಕಟೆ. ಎಲ್ಲರೂ ಶೇರ್ ಮಾಡುವ ಗ್ರಾಫ್, ಅಂದರೆ ವರ್ಷಕ್ಕೊಂದು ಗೆರೆ ಇದ್ದು 2023, 2024ರ ಗೆರೆಗಳು ಮೇಲೆ ಎದ್ದು ಕಾಣುವುದು, ಅದು ಹೆಚ್ಚುಕಡಿಮೆ ಇಡೀ ಪ್ರಪಂಚದ ಕಡಲಿನ ಲೆಕ್ಕ. ನಮಗೆ ಬೇಕಾದ್ದು ಒಳಗಿದೆ: ಮಂತ್ಲಿ ರೀಅನಲಿಸಿಸ್ ಟೈಮ್‌ಸೀರೀಸ್, ಅಂದರೆ ಬೇಕಾದ ಜಾಗದ ಹಳೇ ವರ್ಷಗಳ ತಿಂಗಳ ಲೆಕ್ಕವನ್ನು ಗ್ರಾಫ್ ಮಾಡಿ ತೋರಿಸುವ ಪುಟ. ಅಲ್ಲಿ ಮಾರ್ಚ್-ಏಪ್ರಿಲ್-ಮೇ ಆರಿಸಿ, ನಮ್ಮ ಕಡಲಿನ ಅಕ್ಷಾಂಶ ರೇಖಾಂಶ ಕೊಟ್ಟೆ. ಗೆರೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಆದರೆ ಒಟ್ಟು ನಡೆ ಮೇಲಕ್ಕೇ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡದ ಲೆಕ್ಕವೂ ಇದೇ: 1950ರಿಂದ 2020ರವರೆಗೆ ಹಿಂದೂ ಮಹಾಸಾಗರ ಹತ್ತು ವರ್ಷಕ್ಕೆ ಸುಮಾರು 0.12 ಡಿಗ್ರಿಯಂತೆ ಬಿಸಿಯಾಗಿದೆ, ಅರಬ್ಬಿ ಸಮುದ್ರದ ಕಡೆ ಇನ್ನೂ ಜಾಸ್ತಿ. ಕೇಳೋಕೆ ಚಿಲ್ಲರೆ ಅಂಕಿ, ಆದರೆ ಪರಿಣಾಮ ಚಿಲ್ಲರೆ ಅಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಬದಿಯಲ್ಲೇ ಹಾದುಹೋಯ್ತು ಅಲ್ವಾ, ಅದಕ್ಕೆ ಬಲ ಕೊಟ್ಟದ್ದು ಇಂಥ ಬಿಸಿ ನೀರೇ.

ಒಂದು ಎಚ್ಚರ. ಉಪಗ್ರಹದ ಅಳತೆ ಸರಿಯಾಗಿ ಸಿಗುವುದು 1980ರ ದಶಕದಿಂದ. ಅದಕ್ಕೂ ಹಿಂದಿನದು ಹೆಚ್ಚಾಗಿ ಹಡಗಿನವರು ಬಕೆಟ್ಟಿನಲ್ಲಿ ನೀರೆತ್ತಿಯೋ, ಎಂಜಿನ್ನಿಗೆ ಎಳೆದುಕೊಂಡ ನೀರಿನಲ್ಲೋ ಅಳೆದದ್ದು. ಹಾಗಾಗಿ ಹಳೇ ವರ್ಷಗಳ ಸಣ್ಣಪುಟ್ಟ ಏರಿಳಿತ ಹಿಡಿದು ವಾದ ಮಾಡಬೇಡಿ. ಮೊಬೈಲ್ ಬದಲು ಲ್ಯಾಪ್‌ಟಾಪಿನಲ್ಲಿ ನೋಡಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಮಾವನಿಗೆ ಗ್ರಾಫ್ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇದರಲ್ಲಿ ಬಂಗುಡೆ ಎಲ್ಲಿದೆ?" ಅಂದರು. ಅದಕ್ಕೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಮೀನು ಸಿಗುವ ಜಾಗದ ಮಾಹಿತಿ ಬೇರೆ ಇದೆ. ಅದನ್ನು ನೋಡೋಕೆ ಆಗಸ್ಟ್ ಬರಬೇಕು, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಜೂನ್ ಒಂದಕ್ಕೆ ಬೋಟೆಲ್ಲ ದಡ ಸೇರುತ್ತವೆ.