ತಗಡಿನ ಶೆಡ್ಡಿಗೆ ಸ್ಪ್ಲಿಟ್ ಎಸಿ: ಯಂತ್ರಕ್ಕೆ ನಾಲ್ಕು, ಜೋಡಣೆಗೆ ಎರಡು

ಮನೆ ಹಿಂದೆ ಶೀಟ್ ಹಾಕಿದ ಶೆಡ್ಡು, ಒಳಗೆ ಟೇಬಲ್ ಸಾ, ಪ್ಲೇನರ್, ಒಂದು ವರ್ಕ್‌ಬೆಂಚ್. ಇಂಥ ಜಾಗಕ್ಕೆ ಎಸಿ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು 1.5 ಟನ್, 3 ಸ್ಟಾರ್, ಆರ್-32 ಗ್ಯಾಸಿನ ಇನ್ವರ್ಟರ್ ಸ್ಪ್ಲಿಟ್. ಇಲ್ಲಿ ತೂಗಿ ನೋಡುತ್ತಿರುವುದು ಆ ವರ್ಗದ ಯಂತ್ರವನ್ನು ಮತ್ತು ಅದರ ಜೊತೆ ಬರುವ ‘ಸ್ಟ್ಯಾಂಡರ್ಡ್ ಇನ್‌ಸ್ಟಾಲೇಶನ್’ ಸೇವೆಯನ್ನು. ಒಂದು ಬ್ರ್ಯಾಂಡನ್ನು ಹಿಡಿದು ಬರೆದದ್ದಲ್ಲ. ಯಂತ್ರಕ್ಕೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಜೋಡಣೆಗೆ ಎರಡೇ. ಅದು ಬೆಡ್‌ರೂಮನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಪ್ಯಾಕೇಜು, ವರ್ಕ್‌ಶಾಪಿಗೆ ಅದನ್ನು ಇದ್ದ ಹಾಗೆ ಒಪ್ಪಿಕೊಂಡರೆ ಎರಡನೇ ಬೇಸಿಗೆಗೇ ತೊಂದರೆ ಶುರು.

ಮೊದಲು ಲೆಕ್ಕ. 12x15 ಅಡಿ ಶೆಡ್ಡು, ಎತ್ತರ 10 ಅಡಿ ಅಂದುಕೊಳ್ಳಿ. ಚಾವಣಿ ಸುಮಾರು 16.7 ಚದರ ಮೀಟರ್. ಏಪ್ರಿಲ್ ಮಧ್ಯಾಹ್ನ ಬಣ್ಣ ಮಾಸಿದ ಜಿಐ ಶೀಟ್ 60 ಡಿಗ್ರಿ ದಾಟುತ್ತದೆ. ಕೆಳಗೆ ಏನೂ ಹೊದಿಸಿಲ್ಲದಿದ್ದರೆ ಆ ಶೀಟೊಂದರಿಂದಲೇ 3 ಕಿಲೋವ್ಯಾಟ್ ಆಸುಪಾಸು ಶಾಖ ಒಳಗಿಳಿಯುತ್ತದೆ. ಒಂದು ಟನ್ ಅಂದರೆ 3.5 ಕಿಲೋವ್ಯಾಟ್. ಅಂದರೆ ನೀವು ಕೊಂಡ ಒಂದೂವರೆ ಟನ್ನಿನಲ್ಲಿ ಹೆಚ್ಚುಕಡಿಮೆ ಒಂದು ಟನ್ ಬರೀ ತಗಡಿನ ಜೊತೆ ಗುದ್ದಾಡುವುದಕ್ಕೇ ಹೋಯಿತು. ಅದೇ ಶೀಟಿನ ಕೆಳಗೆ 50 ಮಿಲಿಮೀಟರ್ ದಪ್ಪದ ಇನ್ಸುಲೇಶನ್ ಕೊಟ್ಟರೆ 3 ಕಿಲೋವ್ಯಾಟ್ ಇದ್ದದ್ದು 400 ವ್ಯಾಟಿಗೆ ಇಳಿಯುತ್ತದೆ. ಆಮೇಲೆ ಗೋಡೆಗಳಿಂದ 1.2, ಓಡುವ ಯಂತ್ರಗಳಿಂದ ಸರಾಸರಿ 1, ಸಂದುಗಳಿಂದ ನುಗ್ಗುವ ಗಾಳಿಗೆ 0.6, ಕೆಲಸ ಮಾಡುವ ಒಬ್ಬ ಮನುಷ್ಯನಿಗೆ 0.3, ಎಲ್ಲ ಸೇರಿ 3.5 ಕಿಲೋವ್ಯಾಟ್. 1.5 ಟನ್ ಆರಾಮವಾಗಿ ಸಾಕು. ಇನ್ಸುಲೇಶನ್ ಇಲ್ಲದೆ 2 ಟನ್ ಹಾಕಿಸಿದರೂ ತಲೆ ಮೇಲಿಂದ ಧಗೆ ಬಡಿಯುವುದು ನಿಲ್ಲುವುದಿಲ್ಲ.

ಎಸಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಪರ್ಸೆಂಟ್ ಆಗಿದೆ. ಉಳಿದ ದುಡ್ಡನ್ನು 5 ಸ್ಟಾರಿಗೆ ಸುರಿಯುವ ಬದಲು ಚಾವಣಿಗೆ ಹಾಕಿ. ಶನಿವಾರ ಭಾನುವಾರ ನಾಲ್ಕಾರು ಗಂಟೆ ಓಡಿಸುವವರಿಗೆ 5 ಸ್ಟಾರಿನ ಹೆಚ್ಚುವರಿ ಬೆಲೆ ಕರೆಂಟ್ ಬಿಲ್ಲಿನಲ್ಲಿ ವಾಪಸ್ ಬರುವುದು ಬಹಳ ನಿಧಾನ. ಒಂದು ಎಚ್ಚರಿಕೆ: ಅಗ್ಗ ಅಂತ ಬರಿಯ ಥರ್ಮೋಕೋಲ್ ಅಂಟಿಸಿ ಬಿಡಬೇಡಿ. ಗ್ರೈಂಡರ್ ಕಿಡಿ ಹಾರುವ ಜಾಗದಲ್ಲಿ ಅದು ಬೆಂಕಿಗೆ ಆಹ್ವಾನ. ಕೆಳಗೆ ಜಿಪ್ಸಮ್ ಬೋರ್ಡ್ ಅಥವಾ ಸಿಮೆಂಟ್ ಬೋರ್ಡ್ ಮುಚ್ಚಲೇಬೇಕು.

ಡಸ್ಟ್ ಕಲೆಕ್ಟರ್ (ಮರದ ಪುಡಿ ಎಳೆದುಕೊಳ್ಳುವ ಯಂತ್ರ) ಇದ್ದವರು ಇನ್ನೊಂದು ಲೆಕ್ಕ ಮರೆಯುತ್ತಾರೆ. ನಿಮಿಷಕ್ಕೆ 600 ಘನ ಅಡಿ ಗಾಳಿ ಎಳೆದು ಹೊರಗೆ ಬಿಡುವ ಕಲೆಕ್ಟರ್, 1800 ಘನ ಅಡಿಯ ಈ ಶೆಡ್ಡಿನ ತಂಪು ಗಾಳಿಯನ್ನು ಮೂರೇ ನಿಮಿಷದಲ್ಲಿ ಖಾಲಿ ಮಾಡುತ್ತದೆ. ಹೊರಗೆ 36, ಒಳಗೆ 27 ಡಿಗ್ರಿ ಇದ್ದರೆ ಆ ನಷ್ಟವೇ ಮುಕ್ಕಾಲು ಟನ್ನಿಗಿಂತ ಹೆಚ್ಚು. ಒಂದೋ ಸಣ್ಣ ಪುಡಿಯನ್ನೂ ಹಿಡಿಯುವ ಕಾರ್ಟ್ರಿಡ್ಜ್ ಫಿಲ್ಟರ್ ಹಾಕಿ ಗಾಳಿಯನ್ನು ಒಳಗೇ ತಿರುಗಿಸಬೇಕು, ಇಲ್ಲವೇ ಭಾರಿ ಕೊಯ್ತದ ಹೊತ್ತಲ್ಲಿ ಎಸಿ ಆಫ್ ಮಾಡಿಡಬೇಕು.

ಈಗ ಜೋಡಣೆಗೆ ಬರೋಣ. ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರುವುದು 3 ಮೀಟರ್ ಕಾಪರ್ ಪೈಪ್ ಮತ್ತು ಎರಡೂ ಯೂನಿಟ್ ಕೂರಿಸುವ ಕೂಲಿ. ಔಟ್‌ಡೋರ್ ಸ್ಟ್ಯಾಂಡ್, ಹೆಚ್ಚುವರಿ ಪೈಪ್, ಡ್ರೈನ್ ಪೈಪ್, ವೈರ್ ಇವೆಲ್ಲ ಬಹಳ ಕಡೆ ಬೇರೆ ಬಿಲ್ಲು. ಬಂದ ಹುಡುಗರಿಗೆ ಆ ದಿನ ಇನ್ನೂ ಮೂರ್ನಾಲ್ಕು ಮನೆ ಮುಗಿಸುವ ಒತ್ತಡ ಇರುತ್ತದೆ, ಅದೂ ಸತ್ಯ.

ಶೀಟಿನ ಗೋಡೆಗೆ ಇಂಡೋರ್ ಯೂನಿಟ್ಟಿನ ಪ್ಲೇಟನ್ನು ನೇರವಾಗಿ ಸ್ಕ್ರೂ ಹೊಡೆದರೆ ಯೂನಿಟ್ ನಿಲ್ಲುತ್ತದೆ, ಆದರೆ ಇಡೀ ಗೋಡೆ ಗುಂಯ್‌ಗುಡುತ್ತದೆ. ಅವರು ಬರುವ ಮೊದಲೇ ಶೆಡ್ಡಿನ ಕಂಬಗಳಿಗೆ 25 ಮಿಲಿಮೀಟರ್ ಸ್ಕ್ವೇರ್ ಟ್ಯೂಬ್ ವೆಲ್ಡ್ ಮಾಡಿಸಿ, ಅದರ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಕೂರಿಸಿಡಿ. ನೆಲದಿಂದ 7ರಿಂದ 8 ಅಡಿ ಎತ್ತರ ಸರಿ, ಮೇಲೆ ಕನಿಷ್ಠ 15 ಸೆಂಟಿಮೀಟರ್ ಜಾಗ ಬೇಕು. ಟೇಬಲ್ ಸಾ, ಸ್ಯಾಂಡರ್ ಇರುವ ಮೂಲೆಯಿಂದ ಯೂನಿಟ್ ಆದಷ್ಟು ದೂರವಿರಲಿ. ಔಟ್‌ಡೋರ್ ಮೂವತ್ತು ಕಿಲೋ ಆಸುಪಾಸು ತೂಗುತ್ತದೆ, ಜೊತೆಗೆ ಅದುರುತ್ತದೆ. ತಗಡಿನ ಗೋಡೆಗೆ ಅದನ್ನು ನೇತುಹಾಕುವ ಮಾತೇ ಬೇಡ. ನೆಲದ ಮೇಲೆ ಆರಿಂಚು ಎತ್ತರದ ಕಾಂಕ್ರೀಟ್ ಕಟ್ಟೆ, ಕಾಲಿನಡಿ ರಬ್ಬರ್ ಪ್ಯಾಡ್, ಹಿಂದೆ ಒಂದಡಿ, ಮುಂದೆ ಮೂರಡಿ ಖಾಲಿ ಜಾಗ. ಡಸ್ಟ್ ಕಲೆಕ್ಟರಿನ ಬಾಯಿ ಆ ಕಡೆಗೆ ತಿರುಗಿರಬಾರದು.

ಪೈಪ್ ಹೋಗುವ ತೂತು 65 ಮಿಲಿಮೀಟರ್, ಹೊರಮುಖವಾಗಿ ಸ್ವಲ್ಪ ವಾಟ. ತಗಡು ಕೊರೆದಿದ್ದರೆ ಅಂಚಿಗೆ ಪಿವಿಸಿ ತೋಳು ತೊಡಿಸದೆ ಪೈಪ್ ಹಾಯಿಸಬಾರದು, ಅದುರಿ ಅದುರಿ ಇನ್ಸುಲೇಶನ್ ಕೊಯ್ದು ತಾಮ್ರಕ್ಕೇ ತಾಗುತ್ತದೆ. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ವಾಟ, ನಡುವೆ ಎಲ್ಲೂ ಜೋತು ಬೀಳಬಾರದು. ಕೆಲಸ ಮುಗಿದ ಮೇಲೆ ಟ್ರೇಗೆ ಒಂದು ಲೀಟರ್ ನೀರು ಸುರಿಸಿ ನೋಡಿಯೇ ಸಹಿ ಹಾಕಿ.

ಅಸಲು ಕೆಲಸ ಇರುವುದು ಪೈಪ್ ಜಾಯಿಂಟಿನಲ್ಲಿ. 1.5 ಟನ್ನಿಗೆ ಸಾಮಾನ್ಯವಾಗಿ ಕಾಲಿಂಚಿನ ಮತ್ತು ಅರ್ಧ ಇಂಚಿನ ಪೈಪು. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ತಾಮ್ರದ ಪುಡಿ ಒಳಗೆ ಹೋಗುತ್ತದೆ, ಟ್ಯೂಬ್ ಕಟರ್ರೇ ಬೇಕು. ಕೊಯ್ದ ಬಾಯಿಯನ್ನು ಕೆಳಮುಖವಾಗಿ ಹಿಡಿದು ಒಳಗಿನ ಅಂಚು ಕೆರೆಯಬೇಕು. ಫ್ಲೇರ್ ಮಾಡುವ, ಅಂದರೆ ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸುವ ಮುಂಚೆ ನಟ್ ಹಾಕಲು ಮರೆತು ಪೈಪನ್ನು ಮತ್ತೆ ಕೊಯ್ಯುವುದು ಹಳೇ ಪ್ರಹಸನ. ಫ್ಲೇರಿನ ಮುಖ ಕನ್ನಡಿಯಷ್ಟು ನುಣುಪಾಗಿರಲಿ, ಒಂದು ಕಡೆ ಅಗಲ ಒಂದು ಕಡೆ ಕಿರಿದು ಇದ್ದರೆ ತೆಗೆದು ಹೊಸದು ಮಾಡಿಸಿ. ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇದ್ದರೆ ಕಾಲಿಂಚಿಗೆ 14ರಿಂದ 18, ಅರ್ಧ ಇಂಚಿಗೆ 49ರಿಂದ 61 ನ್ಯೂಟನ್ ಮೀಟರ್. ಸಣ್ಣ ನಟ್ಟನ್ನು ದೊಡ್ಡದರ ಜೋರಿನಲ್ಲೇ ಬಿಗಿದು ಫ್ಲೇರ್ ಸೀಳುವುದು ಸಾಮಾನ್ಯ. ತಿಂಗಳುಗಟ್ಟಲೆ ಸಣ್ಣಗೆ ಸೋರಿ, ಮುಂದಿನ ಮಾರ್ಚಿಗೆ “ಗ್ಯಾಸ್ ತುಂಬಿಸ್ಬೇಕು ಸಾರ್” ಅನ್ನುವ ಮಾತು ಬರುವುದು ಇಲ್ಲಿಂದಲೇ. ಎಸಿ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಸೋರಿದೆ, ಅಷ್ಟೇ.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಕಡಿತವಾದ ಮೂರು ಅಂಕದಲ್ಲಿ ಎರಡು ಹೋದದ್ದು ಇದೊಂದಕ್ಕೇ. ಬಹಳ ಕಡೆ ಪಂಪನ್ನೇ ತರುವುದಿಲ್ಲ. ಔಟ್‌ಡೋರಿನಲ್ಲಿ ತುಂಬಿ ಬಂದ ಗ್ಯಾಸನ್ನೇ ಸ್ವಲ್ಪ ಬಿಟ್ಟು, ಪೈಪಿನಲ್ಲಿರುವ ಗಾಳಿಯನ್ನು ಸುಯ್ ಅಂತ ಹೊರಗೆ ತಳ್ಳಿ, ನಟ್ ಬಿಗಿದು ಮುಗಿಸುತ್ತಾರೆ. ಎಸಿ ಅವತ್ತು ಚೆನ್ನಾಗಿಯೇ ತಂಪು ಕೊಡುತ್ತದೆ. ಆದರೆ ಉಳಿದ ಗಾಳಿ ಒತ್ತಡ ಏರಿಸುತ್ತದೆ, ಉಳಿದ ತೇವ ಕಂಪ್ರೆಸರ್ ಆಯಿಲ್ ಜೊತೆ ಸೇರಿ ಆಮ್ಲವಾಗಿ ಒಳಗಿನ ವೈಂಡಿಂಗನ್ನು ತಿನ್ನುತ್ತದೆ. ಹೊರಬಿಟ್ಟ ಗ್ಯಾಸಿನಷ್ಟು ತೂಕ ಮೊದಲ ದಿನವೇ ಕಡಿಮೆ. ಮೇಲಾಗಿ ಆರ್-32 ಅಲ್ಪ ಪ್ರಮಾಣದಲ್ಲಿ ಉರಿಯುವ ಗ್ಯಾಸ್, ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಬಿಡುವುದು ತಪ್ಪು. ಸರಿಯಾದ ಕ್ರಮ ಹೀಗಿದೆ: ಔಟ್‌ಡೋರಿನ ಎರಡೂ ವಾಲ್ವ್ ಮುಚ್ಚಿರುವಾಗಲೇ ಡ್ರೈ ನೈಟ್ರೋಜನ್ ತುಂಬಿ ಸೋಪುನೀರಿನಲ್ಲಿ ಜಾಯಿಂಟ್ ನೋಡುವುದು, ಅದನ್ನು ಬಿಟ್ಟು ಸರ್ವಿಸ್ ಪೋರ್ಟಿಗೆ ಪಂಪ್ ಕಟ್ಟಿ ಇಪ್ಪತ್ತು ಮೂವತ್ತು ನಿಮಿಷ ಎಳೆಯುವುದು, ಪೈಪಿನೊಳಗಿನ ಒತ್ತಡ 500 ಮೈಕ್ರಾನಿಗಿಂತ (ವ್ಯಾಕ್ಯೂಮ್ ಅಳೆಯುವ ಮಾನ) ಕೆಳಗಿಳಿದ ಮೇಲೆ ಪಂಪ್ ಬಂದ್ ಮಾಡಿ ಹತ್ತು ನಿಮಿಷ ಕಾಯುವುದು. ಅಂಕಿ ಏರುತ್ತಲೇ ಹೋದರೆ ಲೀಕು, ಸ್ವಲ್ಪ ಏರಿ ನಿಂತರೆ ತೇವ. ಸ್ಥಿರವಾಗಿದ್ದರೆ ಮಾತ್ರ ಅಲನ್ ಕೀ ಹಾಕಿ ವಾಲ್ವ್ ತೆರೆಯುವುದು. ಸಾಮಾನ್ಯ ಮುಳ್ಳಿನ ಗೇಜಿನಲ್ಲಿ ಮೈಕ್ರಾನ್ ಕಾಣುವುದಿಲ್ಲ, ಅದಕ್ಕೆ ಡಿಜಿಟಲ್ ಗೇಜ್ ಬೇರೆ. ಬುಕ್ ಮಾಡುವಾಗಲೇ “ವ್ಯಾಕ್ಯೂಮ್ ಪಂಪ್ ತಂದರೆ ಮಾತ್ರ ಕೆಲಸ” ಅಂತ ಹೇಳಿ, ಬೇಕಾದರೆ ಅದಕ್ಕೆ ಬೇರೆ ದುಡ್ಡು ಕೊಡಿ. ಪೈಪ್ ಉದ್ದವಾದರೆ ಮ್ಯಾನ್ಯುವಲ್‌ನಲ್ಲಿ ಹೇಳಿದ ಅಳತೆಯ ಮೇಲೆ ಪ್ರತಿ ಮೀಟರಿಗೆ ಎಷ್ಟು ಗ್ರಾಂ ಅಂತ ಕೊಟ್ಟಿರುತ್ತಾರೆ. ಅದನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು, ಗೇಜ್ ನೋಡಿ ಅಂದಾಜಿಗಲ್ಲ.

ಕರೆಂಟಿನ ವಿಷಯ ಚಿಕ್ಕದು. 1.5 ಟನ್ ಪೂರ್ತಿ ಓಡುವಾಗ ಒಂದೂವರೆ ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ. ಕರೆಂಟ್ ಹಂಚುವ ಡಿಬಿ ಪೆಟ್ಟಿಗೆಯಿಂದ ನೇರವಾಗಿ ಅದಕ್ಕೇ ಒಂದು 4 ಸ್ಕ್ವೇರ್ ಎಂಎಂ ತಾಮ್ರದ ಲೈನ್, 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ತಿಂಗ್. ಟೇಬಲ್ ಸಾ ಇರುವ ಲೈನಿಗೆ ಇದನ್ನು ಸೇರಿಸಬಾರದು. 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಸ್ಟಾರ್ಟ್ ಆಗುವ ಕ್ಷಣಕ್ಕೆ 50 ಆಂಪಿಯರ್ ದಾಟಬಹುದು, ಆ ವೋಲ್ಟೇಜ್ ಕುಸಿತಕ್ಕೆ ಎಸಿ ನಿಂತು ಮತ್ತೆ ಹೊರಡಲು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಮನೆಯ ಸ್ಯಾಂಕ್ಷನ್ಡ್ ಲೋಡ್ (ಮಂಜೂರಾದ ವಿದ್ಯುತ್ ಹೊರೆ) ಎಷ್ಟಿದೆ ಅಂತ ಬಿಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಿ. ಔಟ್‌ಡೋರಿನ ವೈರ್ ಹೋಗುವ ಸಂದನ್ನು ಪುಟ್ಟಿ ಹಾಕಿ ಮುಚ್ಚಿಸಿ. ಹಲ್ಲಿಯೋ ಇರುವೆಯೋ ಒಳಗೆ ಹೊಕ್ಕು ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಸುಟ್ಟರೆ ವಾರಂಟಿಯವರು ಒಪ್ಪುವುದು ಕಷ್ಟ.

ಊರಿಗೆ ತಕ್ಕ ಹಾಗೆ ಆಯ್ಕೆ ಬದಲಾಗುತ್ತದೆ. ಎಸಿಯ ಸಾಮರ್ಥ್ಯ ಅಳೆಯುವುದು ಹೊರಗೆ 35 ಡಿಗ್ರಿ ಇಟ್ಟು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ 42 ಇದ್ದಾಗ ಅದೇ ಯಂತ್ರ ಅಷ್ಟು ಕೊಡಲಾರದು, ಅಲ್ಲಿ ಔಟ್‌ಡೋರಿಗೆ ನೆರಳು ಮಾಡಿ, 2 ಟನ್ ನೋಡಿ. ಆ ಕಡೆ ಏರ್ ಕೂಲರ್ ಅಗ್ಗದಲ್ಲಿ ತಂಪು ಕೊಡುತ್ತದೆ ನಿಜ, ಆದರೆ ಅದರ ತೇವಕ್ಕೆ ಉಳಿ, ಪ್ಲೇನರ್ ಬ್ಲೇಡು, ಸಾ ಟೇಬಲ್ ಎಲ್ಲ ತುಕ್ಕು. ಮಂಗಳೂರು, ಕಾರವಾರದಲ್ಲಿ ಕೂಲರ್ ಸುಮ್ಮನೆ ದಂಡ. ಅಲ್ಲಿ ಎಸಿಯ ದೊಡ್ಡ ಉಪಕಾರವೇ ಗಾಳಿಯ ತೇವ ಹಿಂಡುವುದು, ಉಪ್ಪುಗಾಳಿಗೆ ತಡೆಯುವಂತೆ ಕೋಟಿಂಗ್ ಇರುವ ಕಾಪರ್ ಕಾಯಿಲನ್ನೇ ಕೇಳಿ.

ಯಂತ್ರಕ್ಕೆ ಒಂದು ಅಂಕ ಹೋದದ್ದು ಧೂಳಿಗೆ. ಜೊತೆಗೆ ಬರುವ ಜಾಲರಿ ಫಿಲ್ಟರ್ ಮನೆಯ ಬಟ್ಟೆ ಎಳೆಗಷ್ಟೇ ಸರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಅದನ್ನು ದಾಟಿ, ಒದ್ದೆ ಕಾಯಿಲ್ ಮೇಲೆ ಕೂತು ಹಿಟ್ಟು ಕಲಸಿದ ಹಾಗೆ ಮೆತ್ತಿಕೊಳ್ಳುತ್ತದೆ. ಗಾಳಿ ಕಡಿಮೆಯಾಗುತ್ತದೆ, ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಡ್ರೈನ್ ಮುಚ್ಚಿ ನೀರು ಗೋಡೆಗೆ ಇಳಿಯುತ್ತದೆ. ಇದಕ್ಕೆಂದು ಮೇಲೊಂದು ದಪ್ಪ ಫಿಲ್ಟರ್ ಬಟ್ಟೆ ಹೊದಿಸಿದರೆ ಗಾಳಿ ಇನ್ನೂ ಕಟ್ಟಿ ಐಸ್ ಬೇಗ ಕಟ್ಟುತ್ತದೆ. ಸ್ಯಾಂಡಿಂಗ್ ಮಾಡುವಾಗ ಎಸಿ ಆಫ್ ಮಾಡಿ ಮುಚ್ಚಳ ಹಾಕುವುದು, ಧೂಳು ಕೂತ ಮೇಲೆ ಆನ್ ಮಾಡುವುದು, ವಾರಕ್ಕೊಮ್ಮೆ ಜಾಲರಿ ತೊಳೆಯುವುದು, ಎರಡು ಮೂರು ತಿಂಗಳಿಗೊಮ್ಮೆ ಬ್ಲೋವರ್ ಸಹಿತ ಜೆಟ್ ವಾಶ್. ಮನೆಗೆ ವರ್ಷಕ್ಕೆ ಎರಡು ಸರ್ವಿಸ್ ಸಾಕು, ಇಲ್ಲಿ ಸಾಲದು.

ಥಿನ್ನರ್, ಲ್ಯಾಕರ್, ಮೆಲಮೈನ್ ಸ್ಪ್ರೇ ಮಾಡುವವರು ಆ ಕೋಣೆಗೆ ಇದನ್ನು ಹಾಕಿಸಲೇಬಾರದು. ಒಳಗಿನ ರಿಲೇ, ಮೋಟರ್ ಯಾವುದೂ ಕಿಡಿ ನಿರೋಧಕವಲ್ಲ, ಇಂಥ ಬಣ್ಣಗಳಿಂದ ಏಳುವ ಆಮ್ಲದ ಆವಿ ತಾಮ್ರದ ಕಾಯಿಲಿನಲ್ಲಿ ಸೂಜಿಮೊನೆಯ ತೂತು ಕೊರೆಯುತ್ತದೆ. ವೆಲ್ಡಿಂಗ್ ಬೆಂಚ್ ಇದ್ದರೆ ಕಾಪರ್ ಲೈನನ್ನು ಅದರಿಂದ ದೂರದ ಗೋಡೆಯಲ್ಲಿ ಒಯ್ಯಿಸಿ. ಸೋರಿದ ಆರ್-32 ಆರ್ಕಿಗೆ ಸಿಕ್ಕರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷದ ಆವಿ ಹುಟ್ಟುತ್ತದೆ. ಗ್ಯಾಸ್ ಲೀಕ್ ಅನುಮಾನ ಬಂದ ದಿನ ವೆಲ್ಡಿಂಗ್ ಬಂದ್, ಬಾಗಿಲು ತೆರೆದಿಡಿ, ಲೀಕ್ ಹಿಡಿದು ಮುಚ್ಚಿದ ಮೇಲಷ್ಟೇ ಕೆಲಸ.