ಮೂರು ಪದರದ ಕಾಳಿನ ಚೀಲ: ಅಲಸಂದೆಗೆ ಸೈ, ರಾಗಿಗೆ ಬೇಡ

ಅಲಸಂದೆ, ಹೆಸರುಕಾಳು, ಕಡಲೆ ಬೆಳೆದು ಮನೆಯಲ್ಲೇ ಇಟ್ಟುಕೊಳ್ಳುವವರಾದರೆ ಈ ಚೀಲ ಧೈರ್ಯವಾಗಿ ತಗೊಳ್ಳಿ. ರಾಗಿಗೆ ಬೇಡ. ಅದಕ್ಕೆ ಹುಳ ಬೀಳುವುದೇ ಅಪರೂಪ, ಸುಮ್ನೆ ದುಡ್ಡು ದಂಡ.

ನಾನು ಹೇಳುತ್ತಿರುವುದು ಪಿಕ್ಸ್ ಮಾದರಿಯ ಚೀಲದ ಬಗ್ಗೆ. ಹೊರಗೆ ಯೂರಿಯಾ ಚೀಲದಂಥ ನೇಯ್ದ ಪ್ಲಾಸ್ಟಿಕ್, ಒಳಗೆ ಒಂದರೊಳಗೊಂದು ಎರಡು ಪಾಲಿಥೀನ್ ಚೀಲ, ತಲಾ 80 ಮೈಕ್ರಾನ್ ದಪ್ಪ. ಔಷಧಿ ಏನೂ ಇಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಜೊತೆಗಾರರು 1980ರ ದಶಕದ ಕೊನೆಗೆ ಆಫ್ರಿಕಾದ ಕ್ಯಾಮರೂನಿನಲ್ಲಿ ಶುರುಮಾಡಿದ ಕೆಲಸ ಇದು, ಅದೂ ಅಲಸಂದೆಗೆಂದೇ. ಅಲ್ಲಿಯ ಸಂಕಟವೂ ನಮ್ಮದೇ: ಹುಳ ಬೀಳುತ್ತದೆ ಅಂತ ಹೆದರಿ ಸುಗ್ಗಿಯಲ್ಲೇ ಬಂದ ರೇಟಿಗೆ ಮಾರುವುದು, ಆಮೇಲೆ ಅದೇ ಕಾಳನ್ನು ಜಾಸ್ತಿ ಕೊಟ್ಟು ಕೊಳ್ಳುವುದು. 2007ರಲ್ಲಿ ಗೇಟ್ಸ್ ಪ್ರತಿಷ್ಠಾನದ ದುಡ್ಡು ಬಂದ ಮೇಲೆ ನೈಜೀರಿಯಾ, ನೈಜರ್, ಬುರ್ಕಿನಾ ಫಾಸೊ ಕಡೆಯ ಹಳ್ಳಿಗಳಲ್ಲಿ ಚೀಲ ತುಂಬಿಸಿಟ್ಟು, ತಿಂಗಳುಗಟ್ಟಲೆ ಬಿಟ್ಟು, ಊರವರ ಮುಂದೆಯೇ ಬಿಚ್ಚಿ ತೋರಿಸಿದರು.

ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಇರುವ ಆಮ್ಲಜನಕವನ್ನು ಹುಳವೇ ತಿಂದು ಮುಗಿಸುತ್ತದೆ. ಆಮೇಲೆ ಮೈಗೆ ಬೇಕಾದ ನೀರು ಮಾಡಿಕೊಳ್ಳಲಾಗದೆ ಒಣಗಿ ಸಾಯುತ್ತದೆ. ನೆಲದಡಿ ಕಾಳು ತುಂಬಿಡುವ ನಮ್ಮ ಹಗೇವಿನ ಗುಟ್ಟೂ ಇದೇ ಅಲ್ವಾ? ತೆರೆದ ಕೂಡಲೇ ಇಳಿಯಬೇಡ ಅಂತ ಹಿರಿಯರು ಬೈಯುತ್ತಿದ್ದುದು ಒಳಗೆ ಉಸಿರಾಡೋಕೆ ಗಾಳಿ ಇರಲ್ಲ ಅಂತಲೇ.

ಒಂದೇ ರಾಶಿಯ ಅಲಸಂದೆಯನ್ನು ಗೋಣಿಯಲ್ಲೂ ಇದರಲ್ಲೂ ತುಂಬಿಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಗೋಣಿಗೆ ಕೈ ಹಾಕಿದರೆ ಬಿಸಿ, ಬೆರಳಿಗೆಲ್ಲ ಹಿಟ್ಟು, ಕಾಳಿಗೆ ಗುಂಡುಸೂಜಿ ತಲೆಯಷ್ಟು ತೂತು. ಚೀಲದ ಕಾಳಿನ ಮೇಲೂ ಬಿಳಿ ಮೊಟ್ಟೆ ಅಂಟಿತ್ತು, ಅದು ಹೊಲದಿಂದಲೇ ಬರುತ್ತದೆ, ಆದರೆ ತೂತು ಬಿದ್ದಿದ್ದು ಹುಡುಕಿದರೆ ಸಿಗುವಷ್ಟು. ಬಿತ್ತನೆಗೂ ಅದನ್ನೇ ಬಳಸಿದೆ, ಮೊಳಕೆ ಚೆನ್ನಾಗಿ ಬಂತು.

ಇನ್ನೊಂದು ಮಾತು. ಮಲಗುವ ಕೋಣೆಯಲ್ಲೇ ಕಾಳಿಗೆ ಹುಳ ಸಾಯಲೆಂದು ವಿಷದ ಮಾತ್ರೆ ಹಾಕಿಡುವ ಮನೆಗಳು ಈಗಲೂ ಇವೆ. ಅದರಿಂದ ಬರುವ ಫಾಸ್ಫೀನ್ ಅನಿಲ ಹುಳವನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ. ಮಕ್ಕಳಿರುವ ಮನೆಗೆ ಚೀಲದ ಬೆಲೆ ಹೆಚ್ಚೇನಲ್ಲ.

ತಕರಾರುಗಳೂ ಇವೆ. ಮಾಮೂಲಿ ಗೋಣಿಗಿಂತ ಬೆಲೆ ಹಲವು ಪಟ್ಟು. ಇಲಿಗೆ ಇದು ಲೆಕ್ಕಕ್ಕೇ ಇಲ್ಲ, ಕಡಿದರೆ ಮುಗೀತು, ಹಾಗಾಗಿ ಗೋಡೆಯಿಂದ ದೂರ, ಹಲಗೆಯ ಮೇಲೆ ಇಡಬೇಕು. ಮಾರಿದ ಅಂಗಡಿಯವನು ಕಟ್ಟುವ ಬಗೆ ಹೇಳಲೇ ಇಲ್ಲ: ಮೂರೂ ಪದರವನ್ನು ಬೇರೆಬೇರೆಯಾಗಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ, ಮಡಚಿ ಕಟ್ಟಬೇಕು. ತುಂಬುವ ಮೊದಲು ಒಳಚೀಲಕ್ಕೆ ಗಾಳಿ ತುಂಬಿಸಿ ತೂತಿದೆಯಾ ನೋಡಿ. ಕಾಳು ಚೆನ್ನಾಗಿ ಒಣಗಿರಲೇಬೇಕು, ಹಸಿ ಇದ್ದರೆ ಒಳಗೇ ಬೂಸ್ಟು ಬರುತ್ತದೆ. ಒಣ ಗಾಜಿನ ಬಾಟಲಿಯಲ್ಲಿ ಒಂದಿಷ್ಟು ಕಾಳು, ಒಣ ಉಪ್ಪು ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಬಿಸಿಲು ಬೇಕು.

ಅಡುಗೆಗೆ ಅಂತ ವಾರವಾರ ಬಿಚ್ಚುವುದಾದರೆ ಪ್ರಯೋಜನ ಇಲ್ಲ, ಮನೆಖರ್ಚಿನದು ಬೇರೆ ಡಬ್ಬದಲ್ಲಿರಲಿ. ಇನ್ನು ಅಳತೆ: ನಾನು ಮುಂದೆ 50 ಕೆಜಿಯದೇ ತರುವುದು. 100 ಕೆಜಿಯದನ್ನು ಗಾಳಿ ತೆಗೆದು ಬಿಗಿಯಾಗಿ ಕಟ್ಟೋಕೆ ಇಬ್ಬರು ಬೇಕು, ಒಬ್ಬರ ಕೈಯಲ್ಲಾಗಲ್ಲ.